ಸದ್ದು ಮಾಡೋ ಮಿಷನ್ನು ಸತ್ತಿಲ್ಲ ಸ್ವಾಮಿ

"ಸರ್, ಇದು ರಿಪೇರಿ ಆಗಲ್ಲ. ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಂಬಿಡಿ."

ನಮ್ಮ ನಗರಗಳಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಹೇಳೋ ಸುಳ್ಳು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ವಾಕ್ಯ ತೋರಿಸ್ತೀನಿ. ರಾಜಕಾರಣಿಗಳ ಭರವಸೆ, ರಿಯಲ್ ಎಸ್ಟೇಟ್‌ನವರ "ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ" ಎಲ್ಲ ಇದರ ಮುಂದೆ ಸಣ್ಣವು. ಯಾಕೆ ಅಂದ್ರೆ ಅವನ್ನ ಯಾರೂ ನಂಬಲ್ಲ. ಇದನ್ನ ಮಾತ್ರ ಓದಿದವರು, ಅದರಲ್ಲೂ ಇಂಜಿನಿಯರಿಂಗ್ ಓದಿದವರು, ಕಣ್ಣು ಮುಚ್ಚಿಕೊಂಡು ನಂಬ್ತಾರೆ. ನಂಬಿ, ಕಾರ್ಡ್ ಉಜ್ಜಿ, ಹಳೇದನ್ನ ಲಿಫ್ಟಿನ ಪಕ್ಕ ಇಟ್ಟು ಬರ್ತಾರೆ.

ಮಿಕ್ಸಿ ಗೊರಗೊರ ಅಂತು, ಹೋಯ್ತು. ಫ್ಯಾನು ಕಿರಕಿರ ಅಂತು, ಹೋಯ್ತು. ಕೂಲರು, ಚಿಮಣಿ, ವಾಷಿಂಗ್ ಮಿಷನ್ನು, ಯಾವುದೇ ಇರಲಿ, ಸದ್ದು ಬಂತು ಅಂದ್ರೆ ನಮ್ಮ ಪಾಲಿಗೆ ಅದು ಮರಣದ ಮುನ್ಸೂಚನೆ. ಆದರೆ ಮನೆ ಬಳಕೆಯ ಯಂತ್ರ ಸದ್ದು ಮಾಡೋದು ಬಹುತೇಕ ಎರಡೇ ಕಾರಣಕ್ಕೆ: ಒಳಗೆ ಧೂಳು ತುಂಬಿದೆ, ಅಥವಾ ತಿರುಗೋ ಕಡೆ ಎಣ್ಣೆ ಒಣಗಿದೆ. ಹಸಿವಾಗಿ ಅಳ್ತಿರೋ ಮಗುವನ್ನ ಯಾರೂ ಎಕ್ಸ್‌ಚೇಂಜಿಗೆ ಹಾಕಲ್ಲ.

ನನ್ನ ಕೇಸು ಒಂದು ಡಿಹ್ಯುಮಿಡಿಫೈಯರ್‌ದು. ನಮ್ಮಮ್ಮನ ಭಾಷೆಯಲ್ಲಿ "ತ್ಯಾವ ಕುಡಿಯೋ ಮಿಷನ್ನು". ಬೆಂಗಳೂರಿನಲ್ಲಿ ನಮ್ಮದು ಗ್ರೌಂಡ್ ಫ್ಲೋರ್ ಫ್ಲ್ಯಾಟು, ಒಂದು ರೂಮಿಗೆ ಬಿಸಿಲು ಅನ್ನೋದೇ ಗೊತ್ತಿಲ್ಲ. ಜೂನ್ ಬಂತು ಅಂದ್ರೆ ಬೀರುವಿನ ಹಿಂದೆ ಬೂಷ್ಟು, ಕ್ಯಾಮೆರಾ ಲೆನ್ಸಿನೊಳಗೆ ಜೇಡರ ಬಲೆ ಥರ ಶಿಲೀಂಧ್ರ, ಅಮ್ಮ ಕೊಟ್ಟ ಕೊಳ್ಳೇಗಾಲದ ರೇಷ್ಮೆ ಸೀರೆಗಳ ಜರಿ ಕಪ್ಪಗಾಗೋ ಭಯ. ಹಾಗಾಗಿ ತಂದಿದ್ದು. ಮೂರು ಮಳೆಗಾಲ ಚೆನ್ನಾಗಿ ಓಡ್ತು. ನಾಲ್ಕನೇದಕ್ಕೆ ರಾತ್ರಿ ಹನ್ನೊಂದಕ್ಕೆ ರೂಮಿನೊಳಗೆ ಯಾರೋ ಕಲ್ಲು ಅರೆದ ಹಾಗೆ ಸದ್ದು, ನಡುನಡುವೆ ಕೀಚ್ ಅಂತ ಒಂದು ಕಿರುಚು.

ಕಂಪನಿಯ ಸರ್ವಿಸಿನವರಿಗೆ ಫೋನ್ ಮಾಡಿದೆ. ಹುಡುಗ ಬಂದ. ಬಾಗಿಲಲ್ಲೇ ನಿಂತು ಹತ್ತು ಸೆಕೆಂಡ್ ಕೇಳಿದ. ಹಿಂದಿನ ಕವರ್ ಬಿಚ್ಚಲಿಲ್ಲ, ಫಿಲ್ಟರ್ ಎಳೆದು ನೋಡಲಿಲ್ಲ. ಅವನ ಬ್ಯಾಗಿನಲ್ಲಿ ಒಂದು ಬ್ರಷ್ಷೂ ಇರಲಿಲ್ಲ, ಟ್ಯಾಬ್ ಇತ್ತು. ಟ್ಯಾಬಿನಲ್ಲಿ ನೋಡಿ ಹೇಳಿದ: "ಫ್ಯಾನ್ ಮೋಟಾರ್ ಅಸೆಂಬ್ಲಿ ಚೇಂಜ್ ಮಾಡಬೇಕು ಸರ್, ಆರು ಸಾವಿರದ ಎಂಟುನೂರು ಪ್ಲಸ್ ಜಿಎಸ್‌ಟಿ. ಪಾರ್ಟ್ ಬರೋದಕ್ಕೆ ಒಂದು ತಿಂಗಳು. ಅದರ ಬದಲು ಎಕ್ಸ್‌ಚೇಂಜ್..." ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಮನೆ, ಇಷ್ಟು ಎಕ್ಸ್‌ಚೇಂಜ್ ಅಂತ ಅವನಿಗೂ ಟಾರ್ಗೆಟ್ ಇರುತ್ತೆ. ರಿಪೇರಿ ಮಾಡೋದನ್ನ ಅವನಿಗೆ ಯಾರೂ ಕಲಿಸಿಲ್ಲ. ಮಾರೋದನ್ನ ಕಲಿಸಿ, ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಟೆಕ್ನಿಷಿಯನ್" ಅಂತ ಹೆಸರಿಟ್ಟಿದ್ದಾರೆ ಅಷ್ಟೆ.

ಮುಂದಿನ ವಾರ ಊರಿಗೆ ಹೋಗೋದಿತ್ತು. ಮಿಷನ್ನನ್ನ ಕಾರಿನಲ್ಲಿ ನೆಟ್ಟಗೆ ನಿಲ್ಲಿಸಿ, ಸೀಟ್ ಬೆಲ್ಟ್ ಹಾಕಿ, ಕನಕಪುರ, ಮಳವಳ್ಳಿ ದಾಟಿಸಿ ಕೊಳ್ಳೇಗಾಲಕ್ಕೆ ತಂದೆ. (ನೆಟ್ಟಗೆ ಅನ್ನೋದು ಮುಖ್ಯ. ಕಂಪ್ರೆಸರ್ ಒಳಗೆ ಎಣ್ಣೆ ಇರುತ್ತೆ, ಮಲಗಿಸಿದರೆ ಗ್ಯಾಸಿನ ಪೈಪಿಗೆ ಹರಿಯುತ್ತೆ. ಮಲಗಿಸಲೇಬೇಕಾಗಿ ಬಂದರೆ ಆಮೇಲೆ ಕೆಲವು ಗಂಟೆ ನಿಲ್ಲಿಸಿಟ್ಟು ಸ್ವಿಚ್ ಹಾಕಿ. ಫ್ರಿಜ್ಜಿಗೂ ಇದೇ ಮಾತು.)

ನಮ್ಮೂರಲ್ಲಿ ಒಂದು ವೈಂಡಿಂಗ್ ಅಂಗಡಿ ಇದೆ. ಕೊಳ್ಳೇಗಾಲ, ಹನೂರು ಕಡೆ ಹೊಲ ಇರೋರಿಗೆಲ್ಲ ಇಂಥ ಅಂಗಡಿ ಗೊತ್ತಿರುತ್ತೆ. ವೋಲ್ಟೇಜ್ ಕುಸಿದು ಬೋರ್‌ವೆಲ್ ಮೋಟಾರ್ ಸುಟ್ಟರೆ ತಂದು ಇಳಿಸೋದು ಅಲ್ಲಿಗೇ. ತಾಮ್ರದ ತಂತಿ, ವಾರ್ನಿಷ್ ವಾಸನೆ, ಗೋಡೆಗೆ ನೇತುಹಾಕಿದ ಫ್ಯಾನಿನ ರೆಕ್ಕೆಗಳು. ಅಂಗಡಿಯವರಿಗೆ ಅರವತ್ತು ದಾಟಿದೆ. ನಾನು ಚಿಕ್ಕವನಿದ್ದಾಗಿಂದ ಮಾಮ ಅಂತಲೇ ಕರೆಯೋದು. ಅವರು ಡಿಹ್ಯುಮಿಡಿಫೈಯರ್ ಅನ್ನೋದನ್ನ ಜೀವನದಲ್ಲಿ ಮೊದಲ ಸಲ ನೋಡ್ತಿದ್ದರು.

"ಯಾನ್ಲಾ ಮಗ ಇದು?"

"ಗಾಳಿಯಿಂದ ನೀರು ತೆಗೆಯುತ್ತೆ ಮಾಮ. ಮಳೆಗಾಲದಲ್ಲಿ ದಿನಕ್ಕೆ ಎಂಟು-ಹತ್ತು ಲೀಟರ್ ಬರುತ್ತೆ."

ಸುಟ್ಟ ಮೋಟಾರ್ ತಗೊಂಡು ಬಂದು ಬೆಂಚಿನ ಮೇಲೆ ಕೂತಿದ್ದ ಹನೂರು ಕಡೆಯ ರೈತರೊಬ್ಬರು ತಲೆ ಎತ್ತಿದರು. "ಹತ್ತು ಲೀಟ್ರಾ? ನಮ್ ಬೋರ್ಗಿಂತ ವಾಸಿ ಕನ ಬುಡು."

ಮಾಮ ಪ್ಲಗ್ ಹಾಕಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನ ಮಿಷನ್ನಿನ ಹೊರಮೈ ಮೇಲೆ ಅಲ್ಲಲ್ಲಿ ಒತ್ತಿ, ಹಿಡಿಯನ್ನ ಕಿವಿಗೆ ಇಟ್ಟುಕೊಂಡರು. ಕೆಳಗೆ ಕಂಪ್ರೆಸರ್ ಹತ್ತಿರ ಒಂದು ಸಲ, ಮೇಲೆ ಫ್ಯಾನ್ ಹತ್ತಿರ ಒಂದು ಸಲ, ಪಕ್ಕದ ಪ್ಯಾನೆಲ್ ಮೇಲೆ ಒಂದು ಸಲ. ಡಾಕ್ಟರು ಸ್ಟೆತಸ್ಕೋಪ್ ಇಡೋದು ಇದೇ ಥರ. ಕೆಳಗಿನ ಕಂಪ್ರೆಸರ್ ಸಮನಾಗಿ ಗುಂಯ್ ಅಂತಿತ್ತು. ಕಲ್ಲು ಅರೆಯೋ ಸದ್ದು ಮೇಲಿನ ಫ್ಯಾನಿಂದ ಬರ್ತಿತ್ತು. "ಇದು ಸತ್ತಿಲ್ಲ ಕನಪ್ಪ, ಉಸ್ರು ಕಟ್ಟದ" ಅಂದರು. ಯಾವತ್ತೂ ನೋಡಿರದ ಯಂತ್ರ. ಮ್ಯಾನ್ಯುಯಲ್ ಇಲ್ಲ, ಟ್ಯಾಬ್ ಇಲ್ಲ. ತಿರುಗೋದು ಎಲ್ಲಾದರೂ ತಿರುಗೋದೇ, ಉಜ್ಜೋದು ಎಲ್ಲಾದರೂ ಉಜ್ಜೋದೇ ಅನ್ನೋ ತಿಳಿವಳಿಕೆ ಮಾತ್ರ ಇತ್ತು. ಸರ್ವಿಸ್ ಹುಡುಗನಿಗೂ ಮಾಮನಿಗೂ ಇದ್ದ ವ್ಯತ್ಯಾಸ ಇಷ್ಟೇ.

ಪ್ಲಗ್ ತೆಗೆದು ಹಿಂದಿನ ಕವರ್ ಬಿಚ್ಚಿದರೆ ಒಳಗೆ ಕಂಬಳಿ. ಉತ್ಪ್ರೇಕ್ಷೆ ಅಲ್ಲ. ತಣ್ಣನೆ ಕಾಯಿಲಿನ ಅಲ್ಯೂಮಿನಿಯಂ ಎಲೆಗಳ ಮೇಲೆ ಧೂಳು, ಕೂದಲು, ಹತ್ತಿ ಬಟ್ಟೆಯ ನೂಲು ಎಲ್ಲ ತೇವಕ್ಕೆ ಅಂಟಿ ಬೂದು ಬಣ್ಣದ ಕಂಬಳಿಯಾಗಿತ್ತು. ಈ ಯಂತ್ರದ ಕೆಲಸ ಸರಳ. ಫ್ಯಾನು ರೂಮಿನ ಗಾಳಿಯನ್ನ ಎಳೆದು ತಣ್ಣನೆ ಕಾಯಿಲಿನ ಮೇಲೆ ಹಾಯಿಸುತ್ತೆ, ತೇವ ಹನಿಯಾಗಿ ತೊಟ್ಟಿಗೆ ಬೀಳುತ್ತೆ, ಒಣಗಿದ ಗಾಳಿ ಬಿಸಿ ಕಾಯಿಲು ಹಾದು ಹೊರಗೆ ಬರುತ್ತೆ. ದಾರಿಯಲ್ಲಿ ಕಂಬಳಿ ಬಂದರೆ ಗಾಳಿ ಸಾಲದು. ಗಾಳಿ ಸಾಲದಿದ್ದರೆ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತೆ, ಒಡೆದಾಗ ಚಟ್ ಚಟ್ ಅನ್ನುತ್ತೆ. ಫ್ಯಾನಿನ ರೆಕ್ಕೆಗೂ ಧೂಳು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಮೆತ್ತಿಕೊಂಡು ತೂಕ ಏರುಪೇರಾಗಿ ಇಡೀ ಡಬ್ಬ ನಡುಗುತ್ತೆ. ಆ ನಡುಕಕ್ಕೆ ಸವೆಯೋದು ಮೋಟಾರಿನ ಬುಷ್ಷು. ಅಂದರೆ ಮೊದಲ ಕಾರಣ ಧೂಳು, ಎಣ್ಣೆ ಒಣಗೋದು ಅದರ ಹಿಂದೆ ಬರುತ್ತೆ. ಇದನ್ನ ಆಮೇಲೆ ಮತ್ತೆ ಹೇಳ್ತೀನಿ, ಯಾಕೆ ಅಂದ್ರೆ ನಮ್ಮವರು ಸದ್ದು ಕೇಳಿದ ಕೂಡಲೇ ನೇರ ಎಣ್ಣೆಗೆ ಕೈ ಹಾಕ್ತಾರೆ.

ಕ್ಲೀನ್ ಮಾಡಿದ್ದು ನಾನು, ನೋಡ್ತಾ ಬೈದಿದ್ದು ಮಾಮ. ಪೇಂಟ್ ಬ್ರಷ್ಷಿನಲ್ಲಿ ಕಾಯಿಲಿನ ಎಲೆಗಳ ಉದ್ದಕ್ಕೆ, ಮೇಲಿಂದ ಕೆಳಗೆ ಮಾತ್ರ. ಅಡ್ಡ ಉಜ್ಜಿದರೆ ಎಲೆ ಮಡಿಚಿ ದಾರಿ ಮುಚ್ಚುತ್ತೆ. ಫಿಲ್ಟರ್ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿದ್ದು. ರೆಕ್ಕೆ ಬಿಚ್ಚುವಾಗ ನಟ್ ಎಡಕ್ಕೆ ತಿರುಗಿಸ್ತಿದ್ದೆ, "ಅದು ಉಲ್ಟಾ ಥ್ರೆಡ್ಡು ಕನ, ಬಲಕ್ಕ ತಿರ್ಗ್ಸು" ಅಂದರು. ತಿರುಗೋ ದಿಕ್ಕಿಗೆ ಸಡಿಲ ಆಗದೆ ಬಿಗಿಯಾಗ್ತಾ ಹೋಗಲಿ ಅಂತ ಹಾಗೆ ಮಾಡಿರ್ತಾರಂತೆ. ಆಕ್ಸಲಿನ ಮೇಲೆ ಹಳೇ ಎಣ್ಣೆ ಗಟ್ಟಿಯಾಗಿ ಕಂದು ಬಣ್ಣದ ಅಂಟಾಗಿತ್ತು. ಅದನ್ನ ಒರೆಸಿದ ಮೇಲೆ ಎಣ್ಣೆ. ಎಷ್ಟು? ಈ ಕಡೆಗೆ ಎರಡು ತೊಟ್ಟು, ಆ ಕಡೆಗೆ ಎರಡು ತೊಟ್ಟು. ನಾನು ಮೂರನೇದಕ್ಕೆ ಕ್ಯಾನ್ ಓರೆ ಮಾಡೋ ಹೊತ್ತಿಗೆ ಕೈ ಹಿಡಿದರು. "ಎಣ್ಣ ಜಾಸ್ತಿ ಬುಡ್ಬಾರ್ದು. ಧೂಳ್ನ ಕರ್ಕಂಡ್ ಬತ್ತದ."

ಈ ಎರಡು ತೊಟ್ಟಿನ ಶಿಸ್ತು ಕೊಳ್ಳೇಗಾಲಕ್ಕೆ ಎಲ್ಲಿಂದ ಬಂತು ಅಂತ ನನಗೊಂದು ಅಂದಾಜಿದೆ. ಇದು ರೇಷ್ಮೆ ಊರು. 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದೆವು. ಆ ರಾಜ್ಯಕ್ಕೆ ರೇಷ್ಮೆ ಅಂದ್ರೆ ಕೊಳ್ಳೇಗಾಲ. ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಕಡೆ ಗೂಡಿಂದ ನೂಲು ಬಿಚ್ಚೋ ಮನೆಗಳು, ಕೊಳ್ಳೇಗಾಲದ ಬೀದಿಗಳಲ್ಲಿ ಮಗ್ಗ. ಮಗ್ಗಕ್ಕೆ ಎಣ್ಣೆ ಬೇಕೇ ಬೇಕು, ಇಲ್ಲದಿದ್ದರೆ ಮರ ಮರಕ್ಕೆ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಸವೆಯುತ್ತೆ. ಆದರೆ ಅದರ ಒಂದು ಗೇಣು ಕೆಳಗೆ ಹಾಸು ಹೊಕ್ಕಿನಲ್ಲಿ ಬಿಳಿ ರೇಷ್ಮೆ ಇದೆ. ಒಂದು ತೊಟ್ಟು ಜಾಸ್ತಿಯಾಗಿ ಸಿಡಿದರೆ ವಾರದ ದುಡಿಮೆಯ ಮೇಲೆ ಕಲೆ. ಹೀಗಿರೋ ಕಡೆ ಬೆಳೆದವರಿಗೆ ಎಣ್ಣೆ ಬೇಕು ಅನ್ನೋದೂ ಗೊತ್ತು, ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದೂ ಗೊತ್ತು. ಧಾರಾಳ ಮಜ್ಜನ ಆಗೋದು ಬೆಟ್ಟದ ಮಾದಪ್ಪನಿಗೆ ಮಾತ್ರ, ಎಣ್ಣೆ ಮಜ್ಜನದ ದಿನ. ಉಳಿದವರಿಗೆಲ್ಲ ತೊಟ್ಟಿನ ಲೆಕ್ಕ.

ಯಳಂದೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ಹೊಲಿಗೆ ಮಿಷನ್ನಿದೆ. ನನಗಿಂತ ವಯಸ್ಸಾದದ್ದು. ಅದರ ಮೈಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ತೂತುಗಳಿವೆ. ಚಿಕ್ಕವರಿದ್ದಾಗ ಅದು ಯಾಕೆ ಅಂತ ಗೊತ್ತಿರಲಿಲ್ಲ. ಎಣ್ಣೆ ಬಿಡೋದಕ್ಕೆ ಅಂತಲೇ ಕೊರೆದ ತೂತುಗಳು ಅವು. ಜೊತೆಗೆ ಬಂದ ಪುಸ್ತಕದಲ್ಲಿ ಚಿತ್ರ ಬರೆದು, ಎಲ್ಲೆಲ್ಲಿ ತೊಟ್ಟು ಬಿಡಬೇಕು ಅಂತ ಬಾಣ ಹಾಕಿ ತೋರಿಸಿರ್ತಿದ್ದರು. ಹಳೇ ಟೇಬಲ್ ಫ್ಯಾನುಗಳಲ್ಲೂ ಇಂಥ ತೂತು ಇರ್ತಿತ್ತು. ಆ ತೂತಿನ ಅರ್ಥ ಏನು ಗೊತ್ತಾ? "ಇದು ನಿನ್ನದು. ಇದನ್ನ ನೀನು ನೋಡ್ಕೊಬಹುದು, ನೋಡ್ಕೊಬೇಕು" ಅಂತ ತಯಾರಕ ಕೊಳ್ಳುವವರಿಗೆ ಹೇಳ್ತಿದ್ದ ಮಾತು. ಈಗಿನ ಮಿಷನ್ನು ನೋಡಿ. ಎಣ್ಣೆಯ ತೂತಿಲ್ಲ. ತೂತಿನ ಜಾಗದಲ್ಲಿ "ಸ್ಟಿಕರ್ ಕಿತ್ತರೆ ವಾರಂಟಿ ಇಲ್ಲ" ಅನ್ನೋ ಸ್ಟಿಕರ್. ಸ್ಕ್ರೂ ಇದೆ, ಆದರೆ ಮನೆಯ ಯಾವ ಸ್ಕ್ರೂಡ್ರೈವರೂ ಕೂರದ ಮೂರು ಮೂಲೆಯ ಸ್ಕ್ರೂ. ಇದು ತಂತ್ರಜ್ಞಾನ ಮುಂದುವರೆದಿದ್ದರಿಂದ ಆಗಿದ್ದಲ್ಲ. ಸ್ಕ್ರೂವಿಗೆ ನಾಲ್ಕು ಮೂಲೆ ಇಡಬೇಕೋ ಮೂರು ಇಡಬೇಕೋ ಅನ್ನೋದನ್ನ ಒಂದು ಮೀಟಿಂಗಿನಲ್ಲಿ ಕೂತು ಯಾರೋ ನಿರ್ಧಾರ ಮಾಡಿದ್ದಾರೆ. ನಮ್ಮಂಥವರೇ, ಲ್ಯಾಪ್‌ಟಾಪ್ ಮುಂದೆ ಇಟ್ಟುಕೊಂಡು.

ಕೊಳ್ಳೇಗಾಲದಿಂದ ಅನತಿ ದೂರದಲ್ಲಿ, ಹೊಳೆಯ ಆಚೆ ಬ್ಲಫ್‌ನಲ್ಲಿ ಶಿವನಸಮುದ್ರದ ವಿದ್ಯುದಾಗಾರ ಇದೆ. 1902ರಲ್ಲಿ ಶುರುವಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ್ದು. ಯಂತ್ರಗಳು ನಡುವೆ ಬದಲಾಗಿವೆ, ಸೇರಿವೆ, ನಿಜ. ಆದರೂ ಆ ವಿದ್ಯುದಾಗಾರ ಇವತ್ತಿಗೂ ಕರೆಂಟ್ ತೆಗೀತಿದೆ. ನೂರು ವರ್ಷ ದಾಟಿದ ಜಾಗದಲ್ಲಿ ಯಂತ್ರ ತಿರುಗ್ತಿದೆ ಅಂದರೆ ಅದರ ಹಿಂದೆ ದಿನವೂ ಬೇರಿಂಗ್ ಮುಟ್ಟಿ ಬಿಸಿ ನೋಡಿದ, ಎಣ್ಣೆ ನೋಡಿದ, ಸದ್ದು ಕೇಳಿದ ತಲೆಮಾರುಗಳಿವೆ. ನಮ್ಮ ಮನೆಯ ಮಿಷನ್ನು ನಾಲ್ಕನೇ ಮಳೆಗಾಲಕ್ಕೆ ಮುದುಕಿಯಾಗಬೇಕಂತೆ.

ಈಗ ಕೆಲಸದ ಮಾತು. ನಿಮ್ಮ ಮನೇಲಿ ಡಿಹ್ಯುಮಿಡಿಫೈಯರ್ ಇಲ್ಲದಿರಬಹುದು. ಕೂಲರ್, ಎಕ್ಸಾಸ್ಟ್ ಫ್ಯಾನ್, ಟೇಬಲ್ ಫ್ಯಾನ್ ಇದ್ದೇ ಇರುತ್ತೆ. ಮೊದಲು ಸದ್ದು ಯಾವ ಜಾತಿಯದು ಕೇಳಿ. ಗಡಗಡ ಅಂದರೆ ಯಾವುದೋ ಸ್ಕ್ರೂ ಸಡಿಲ, ಇಲ್ಲಾ ನಿಂತ ನೆಲ ಸಮ ಇಲ್ಲ, ಇಲ್ಲಾ ನೀರಿನ ತೊಟ್ಟಿ ಸರಿಯಾಗಿ ಕೂತಿಲ್ಲ. ಕೈಯಿಂದ ಒತ್ತಿ ಹಿಡಿದಾಗ ನಿಂತರೆ ಅದೇ. ಟರ್ ಟರ್ ಅಂತ ಒಂದೇ ಲಯದಲ್ಲಿ ಬಂದರೆ ರೆಕ್ಕೆ ಎಲ್ಲೋ ತಾಗ್ತಿದೆ. ಕೀಚ್ ಅಂದರೆ ಒಣಗಿದ ಬುಷ್ಷು. ಗುಳುಗುಳು ಅಂತ ನೀರು ಹರಿದ ಸದ್ದು ಬಂದರೆ ಏನೂ ಮಾಡಬೇಡಿ, ಗ್ಯಾಸ್ ಓಡಾಡ್ತಿದೆ, ಅದರ ಪಾಡಿಗೆ ಬಿಡಿ. ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚೋ ಮುಂಚೆ ಫೋನಿನಲ್ಲಿ ಫೋಟೋ ಹೊಡೆದು, ಮೊದಲು ಧೂಳು. ಹತ್ತರಲ್ಲಿ ಎಷ್ಟೋ ಸಲ ಅಲ್ಲಿಗೇ ಮುಗಿದಿರುತ್ತೆ.

ಎಣ್ಣೆ ಬೇಕಾದರೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಖಂಡಿತ ಬೇಡ, ಚಳಿಗೆ ಗಟ್ಟಿಯಾಗುತ್ತೆ, ದಿನ ಕಳೆದರೆ ಅಂಟಾಗುತ್ತೆ. ಅಡುಗೆ ಎಣ್ಣೆಗಳೂ ಅಷ್ಟೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದರೆ ಆ ಕ್ಷಣಕ್ಕೆ ಸದ್ದು ಮಾಯವಾಗುತ್ತೆ, ವಿಡಿಯೋ ಮಾಡೋರಿಗೆ ಅಷ್ಟು ಸಾಕು. ಆದರೆ ಅದು ಇದ್ದ ಎಣ್ಣೆಯನ್ನೂ ಕರಗಿಸಿ ತಾನೂ ಆರಿಹೋಗುತ್ತೆ, ವಾರಕ್ಕೆ ಕಿರುಚು ವಾಪಸ್ಸು. ಬುಷ್ಷಿನ ಸುತ್ತ ಉಣ್ಣೆಯಂಥ ಬಟ್ಟೆಯ ಬಿಲ್ಲೆ ಇದ್ದರೆ ತೊಟ್ಟನ್ನ ಅದಕ್ಕೆ ಕುಡಿಸಿ, ಅದು ನಿಧಾನಕ್ಕೆ ಬಿಡ್ತಾ ಹೋಗುತ್ತೆ. ಬುಷ್ಷಿನ ಬದಲು ಮುಚ್ಚಿದ ಬಾಲ್ ಬೇರಿಂಗ್ ಇದ್ದರೆ ಎಣ್ಣೆ ಒಳಗೆ ಹೋಗಲ್ಲ, ಬೇರಿಂಗೇ ಬದಲಿಸಬೇಕು. ಸೀಲಿಂಗ್ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಇರೋದು 6201, 6202 ನಂಬರಿನವು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಕೊಡ್ತಾರೆ.

ಮುಟ್ಟಬಾರದ್ದು ಮೂರು. ಕೆಪಾಸಿಟರಿನ ತುದಿಗಳು: ಪ್ಲಗ್ ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರುತ್ತೆ. ತಾಮ್ರದ ಪೈಪು: ಒಳಗೆ ಗ್ಯಾಸ್ ಇದೆ, ಹೊಸ ಮಾಡೆಲುಗಳಲ್ಲಿ ಅದು ಬೆಂಕಿ ಹತ್ತೋ ಪ್ರೊಪೇನ್ ಕೂಡ ಆಗಿರಬಹುದು. ಮತ್ತೆ ಕಂಪ್ರೆಸರ್: ಅದು ಬೆಸುಗೆ ಹಾಕಿದ ಡಬ್ಬ, ಅದಕ್ಕೆ ನಾವು ಎಣ್ಣೆ ಬಿಡೋ ಪ್ರಶ್ನೆಯೇ ಇಲ್ಲ. ಈ ಗೆರೆಯಾಚೆ ಬಲ್ಲವರ ಕೆಲಸ. "ಡೇಂಜರ್ ಅಲ್ವಾ?" ಅನ್ನೋರಿಗೆ ನನ್ನ ಉತ್ತರ ಇದೇ: ಡೇಂಜರ್ ಎಲ್ಲಿದೆ ಅಂತ ಗೊತ್ತಿಲ್ಲದೆ ಅದೇ ಮಿಷನ್ನಿನ ಪಕ್ಕ ತಲೆ ಇಟ್ಟು ಮಲಗಿದ್ದೀರಲ್ಲ.

ಇನ್ನೊಂದು ವಾದ ನನ್ನ ಟೀಮಿನವರದು. "ನಿನ್ನ ಒಂದು ಗಂಟೆಗೆ ಬೆಲೆ ಎಷ್ಟು ಗುರು? ಅದರಲ್ಲಿ ಹೊಸದೇ ಬರುತ್ತೆ." ಈ ಮಾತು ಹೇಳಿದ ಗೆಳೆಯ ಹೊಸ ಮಿಕ್ಸಿ ಆರಿಸೋದಕ್ಕೆ ಮೂರು ಸಂಜೆ ರಿವ್ಯೂ ಓದಿದ್ದಾನೆ. ಎರಡು ಮಾಡೆಲ್ ಪಟ್ಟಿ ಮಾಡಿ ಎಕ್ಸೆಲ್ ಶೀಟ್ ಹಾಕಿದ್ದಾನೆ. ಆ ಗಂಟೆಗಳಿಗೆ ಬಿಲ್ಲಿಂಗ್ ಇಲ್ಲ. ಕೊಳ್ಳೋದಕ್ಕೆ ಖರ್ಚಾದ ಸಮಯ ಸಮಯ ಅಲ್ಲ, ರಿಪೇರಿಗೆ ಖರ್ಚಾದದ್ದು ಮಾತ್ರ ಸಮಯ. ಇನ್ನು ಆಫೀಸಿನಲ್ಲಿ ನಾವು ಹತ್ತು ವರ್ಷದ ಹಳೇ ಕೋಡನ್ನ ಉಳಿಸಿಕೊಳ್ಳೋದಕ್ಕೆ ರಾತ್ರಿ ಎರಡು ಗಂಟೆಗೆ ಎದ್ದು ಕೂರ್ತೀವಿ. ಯಾರೂ ಲಾಗಿನಲ್ಲಿ ಎರರ್ ಬಂತು ಅಂತ ಸರ್ವರ್ ಎಸೆದು ಹೊಸದು ತರಲ್ಲ. ಲಾಗ್ ಓದ್ತೀವಿ. ಮನೆ ಮಿಷನ್ನಿನ ಸದ್ದು ಅದರ ಲಾಗು. ಅಲ್ಲಿ ಓದೋದಕ್ಕೆ ಬರೋ ನಮಗೆ ಇಲ್ಲಿ ಯಾಕೆ ಬರಲ್ಲ?

ಒಂದು ವಾದಕ್ಕೆ ಮಾತ್ರ ನಾನು ತಲೆಬಾಗ್ತೀನಿ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತೆ, ಈಗಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯವೂ ಆಗಿದೆ. ಹಗಲು ರಾತ್ರಿ ತಿರುಗೋ ಫ್ಯಾನ್ ಆದರೆ ಬದಲಿಸಿ, ಲೆಕ್ಕ ಹಾಕಿ ಬದಲಿಸಿ. ಆದರೆ ಕರೆಂಟ್ ಬಿಲ್ಲಿನ ಲೆಕ್ಕವೇ ಹಾಕದೆ, ಕಿರಕಿರ ಅಂತು ಅಂತ ಎಸೆದು, ಆಮೇಲೆ ಪರಿಸರದ ಹೆಸರು ಹೇಳಬೇಡಿ.

ಕಾನೂನಿನ ಕಡೆ ಏನೂ ಆಗಿಲ್ಲ ಅಂತಲ್ಲ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ರಿಪೇರಿ ಹಕ್ಕು" ಕುರಿತು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ವಲಯ ಆರಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಬಂತು. ಪೋರ್ಟಲ್! ನಮ್ಮ ದೇಶದಲ್ಲಿ ಹಕ್ಕು ಹುಟ್ಟಿದ ಕೂಡಲೇ ಅದಕ್ಕೆ ಒಂದು ಪೋರ್ಟಲ್ ತೊಟ್ಟಿಲು. ಕಂಪನಿಗಳು ತಮ್ಮ ಸರ್ವಿಸ್ ಸೆಂಟರಿನ ವಿಳಾಸ, ಮ್ಯಾನ್ಯುಯಲ್ ಅಲ್ಲಿ ಹಾಕಬಹುದು. ಆದರೆ ಕೊಳ್ಳೇಗಾಲದ ವೈಂಡಿಂಗ್ ಅಂಗಡಿಗೆ ಬೇಕಾಗಿರೋದು ವಿಳಾಸ ಅಲ್ಲ, ಬಿಡಿಭಾಗ. ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮಿಷನ್ ಮಾರುವವರು ಮುಖ್ಯ ಬಿಡಿಭಾಗಗಳನ್ನ 10 ವರ್ಷ, ಫ್ರಿಜ್ ಮಾರುವವರು 7 ವರ್ಷ ಸಿಗುವಂತೆ ಇಡಬೇಕು. ಫ್ರಾನ್ಸಿನಲ್ಲಿ ಅದೇ ವರ್ಷದಿಂದ ಕೆಲವು ವಸ್ತುಗಳ ಮೇಲೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಬರೀಬೇಕು. ನಮ್ಮಲ್ಲಿ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ತಯಾರಕರಿಗೆ ರೀಸೈಕಲ್ ಗುರಿ ಕೊಡ್ತವೆ. ಒಳ್ಳೇದೇ. ಆದರೆ ರೀಸೈಕಲ್ ಅಂದರೆ ಸತ್ತ ಮೇಲಿನ ಸಂಸ್ಕಾರ. ನಾನು ಕೇಳ್ತಿರೋದು ಬದುಕಿರೋದರ ಬಗ್ಗೆ.

ಅದೂ ಆ ಸಂಸ್ಕಾರ ಎಲ್ಲರಿಗೂ ಸಿಗ್ತಿಲ್ಲ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕ ಹಾಗೆ ಸಂಗ್ರಹವಾಗಿ ರೀಸೈಕಲ್ ಆಗಿದ್ದು ಶೇ 22.3. ಅಂದರೆ ನೀವು ಲಿಫ್ಟಿನ ಪಕ್ಕ ಇಟ್ಟ ಮಿಷನ್ನು ಗುಜರಿಗೆ ಹೋಗೋ ಸಾಧ್ಯತೆಯೇ ಜಾಸ್ತಿ. ಗುಜರಿಯಲ್ಲಿ ಮೊದಲು ಕತ್ತರಿಸೋದು ತಾಮ್ರದ ಪೈಪನ್ನ. ಒಳಗಿನ ಗ್ಯಾಸ್ ಉಸ್ ಅಂತ ಗಾಳಿಗೆ. ಆ ಗ್ಯಾಸ್ ಆರ್-134ಎ ಆಗಿದ್ದರೆ ಅದರ ಒಂದು ಕಿಲೋ ನೂರು ವರ್ಷದ ಲೆಕ್ಕದಲ್ಲಿ 1,430 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಮಿಷನ್ನಿನಲ್ಲಿ ಇರೋದು ಕೆಲವು ನೂರು ಗ್ರಾಂ ಇರಬಹುದು. ಎರಡು ತೊಟ್ಟು ಎಣ್ಣೆ ಉಳಿಸಿದ್ದಕ್ಕೆ ಅದೂ ದೊಡ್ಡ ಬೆಲೆಯೇ. ಕತ್ತರಿಸೋ ಹುಡುಗನ ಕೈಗೆ ಗ್ಲೌಸ್ ಇರಲ್ಲ ಅನ್ನೋದನ್ನ ಬೇರೆ ಹೇಳಬೇಕಾ?

ನನ್ನ ಮಿಷನ್ನಿನ ಬುಷ್ಷು ಒಂದು ಕಡೆ ಸ್ವಲ್ಪ ಸವೆದಿತ್ತು. ಎಣ್ಣೆಗೆ ಸದ್ದು ತೊಂಬತ್ತು ಭಾಗ ನಿಂತು, ಹತ್ತು ಭಾಗ ಉಳೀತು. ಮಾಮ ಡಬ್ಬ ತಡಕಾಡಿ, ಎಕ್ಸಾಸ್ಟ್ ಫ್ಯಾನಿನ ಒಂದು ಬುಷ್ಷನ್ನ ಅಳತೆ ನೋಡಿ ಕೂರಿಸಿದರು. ಅದೃಷ್ಟ, ಅಳತೆ ಕೂತಿತು. ಕೂರದಿದ್ದರೆ? ಆ ಮೋಟಾರಿನ ಬುಷ್ಷನ್ನ ಕಂಪನಿ ಹೊರಗೆ ಮಾರಲ್ಲ. ಮಾರೋದು "ಅಸೆಂಬ್ಲಿ", ಆರು ಸಾವಿರದ ಎಂಟುನೂರಕ್ಕೆ, ಅದೂ ತಮ್ಮ ಹುಡುಗನ ಕೈಯಲ್ಲಿ ಮಾತ್ರ. ಇದೇ ಜಾಗದಲ್ಲಿ ಮಾಮನಂಥವರ ಅನ್ನ ಹೋಗ್ತಿರೋದು. ಅವರಿಗೆ ವಿದ್ಯೆ ಸಾಲದೆ ಅಲ್ಲ, ಹತ್ತು ರೂಪಾಯಿಯ ಭಾಗ ಸಿಗದೆ. ಅಂಗಡಿಯಲ್ಲಿ ಕೆಲಸ ಕಲೀತಿದ್ದ ಹುಡುಗ ಈಗ ಬೆಂಗಳೂರಲ್ಲಿ ಡೆಲಿವರಿಗೆ ಸೇರಿದ್ದಾನಂತೆ. ನಮ್ಮ ಹೊಸ ಮಿಕ್ಸಿ, ಹೊಸ ಫ್ಯಾನುಗಳನ್ನ ಮನೆ ಬಾಗಿಲಿಗೆ ತಂದುಕೊಡೋದು ಅವನೇ ಇರಬಹುದು. ಮಾಮ ನನ್ನಿಂದ ತಗೊಂಡಿದ್ದು ಮುನ್ನೂರು ರೂಪಾಯಿ. ಐನೂರು ಕೊಟ್ಟರೆ ಇನ್ನೂರು ವಾಪಸ್ ಕೊಟ್ಟರು, "ಕ್ಲೀನ್ ಮಾಡಿದ್ದು ನೀನೇ ಅಲ್ವಾ?" ಅಂತ.

ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಮೊನ್ನೆ ಒಂದು ನೋಟಿಸ್ ಬಂದಿದೆ. ಬರೋ ಭಾನುವಾರ ಇ-ತ್ಯಾಜ್ಯ ಸಂಗ್ರಹ, ಬೇಸ್‌ಮೆಂಟಿನಲ್ಲಿ, ಬೆಳಿಗ್ಗೆ ಹತ್ತರಿಂದ ಒಂದು. ಕೆಳಗೆ ಎಲ್ಲರೂ ಚಪ್ಪಾಳೆ ಇಮೋಜಿ ಹಾಕಿದ್ದಾರೆ. ನಾನು ಒಂದು ಪ್ರಸ್ತಾಪ ಇಟ್ಟೆ: ತೊಟ್ಟಿಯ ಪಕ್ಕ ಒಂದು ಟೇಬಲ್ ಹಾಕೋಣ. ಟೇಬಲ್ ಮೇಲೆ ಸ್ಕ್ರೂಡ್ರೈವರ್ ಸೆಟ್ಟು, ಪೇಂಟ್ ಬ್ರಷ್ಷು, ಹೊಲಿಗೆ ಮಿಷನ್ ಎಣ್ಣೆ. ತೊಟ್ಟಿಗೆ ಹಾಕೋ ಮುಂಚೆ ಪ್ರತಿ ಮಿಷನ್ನನ್ನೂ ಒಂದು ಸಲ ಬಿಚ್ಚಿ ನೋಡೋಣ. ಸದ್ದು ಅಂತ ತಂದದ್ದು ಸದ್ದಿಲ್ಲದೆ ವಾಪಸ್ ಮೇಲೆ ಹೋದರೆ ಹೋಗಲಿ. ಬೆಂಗಳೂರಿನಲ್ಲೇ ಕೆಲವರು 2015ರಿಂದ ರಿಪೇರಿ ಕೆಫೆ ಅಂತ ಇದನ್ನ ಮಾಡ್ತಿದ್ದಾರೆ, ನಾವೇನೂ ಹೊಸದು ಕಂಡುಹಿಡೀತಿಲ್ಲ.

ಕಮಿಟಿಯ ಸೆಕ್ರೆಟರಿ "ಲಯಬಿಲಿಟಿ ಇಶ್ಯೂ ಆಗುತ್ತೆ, ನೋಡೋಣ" ಅಂತ ಬರೆದಿದ್ದಾರೆ. ಅವರದೇ ಫ್ಲ್ಯಾಟಿನ ಚಿಮಣಿ ಎರಡು ತಿಂಗಳಿಂದ ಕಿರುಚ್ತಿದೆ, ಡಕ್ಟ್ ಮೂಲಕ ನಮ್ಮನೆವರೆಗೂ ಕೇಳುತ್ತೆ. ಟೇಬಲ್ ನಮ್ಮನೇದೇ ತಗೊಂಡು ಹೋಗ್ತೀನಿ.